ಪ್ರಾಣಿಗಳಿಗಾಗಿ ಮಳೆಕಾಡಿನ ನಡಿಗೆ: ರಾಣಿಪುರಂ ಚಾರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಾಯಗೊಂಡ ಬೀದಿ ಪ್ರಾಣಿಗಳ ಶುಶ್ರೂಷೆಗೂ ಊರ ಸುತ್ತಲಿನ ವನ್ಯಜೀವಿಗಳ ರಕ್ಷಣೆಗೂ ಹಣ ಒಟ್ಟುಗೂಡಿಸುವುದಕ್ಕಾಗಿ ಕಾಸರಗೋಡಿನ ನಮ್ಮ ಬಳಗವು ರಾಣಿಪುರಂ ಕಾಡಿನಲ್ಲಿ ಒಂದು ದಿನದ ಚಾರಣವನ್ನು ಏರ್ಪಡಿಸುತ್ತಿದೆ. ಸುದ್ದಿ ಹರಡಿದಂದಿನಿಂದ ಫೋನಿನಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ, ಹಾಲಿನ ಸೊಸೈಟಿಯ ಜಗಲಿಯಲ್ಲಿ ನಮ್ಮನ್ನು ಕೇಳಿದ ಪ್ರಶ್ನೆಗಳನ್ನೂ ಅವುಗಳಿಗೆ ನಾವು ಕೊಡುವ ಉತ್ತರಗಳನ್ನೂ ಇಲ್ಲಿ ಸೇರಿಸಿದ್ದೇವೆ. ಕೆಲವರು ಕೇಳಿದ್ದು ಮಾಹಿತಿಗಾಗಿ, ಕೆಲವರು ಕೇಳಿದ್ದು ಆಕ್ಷೇಪಿಸುವುದಕ್ಕಾಗಿ. ಆಕ್ಷೇಪಗಳಿಗೆ ಕೊಟ್ಟ ಉತ್ತರ ತುಸು ಉದ್ದವಾಗಿದೆ.

ರಾಣಿಪುರಂ ಎಲ್ಲಿದೆ? ಅದು ನಿಜಕ್ಕೂ ಮಳೆಕಾಡೇ?

ರಾಣಿಪುರಂ ಇರುವುದು ಕಾಸರಗೋಡು ಜಿಲ್ಲೆಯ ಪೂರ್ವದ ಅಂಚಿನಲ್ಲಿ, ವೆಳ್ಳರಿಕುಂಡು ತಾಲೂಕಿನ ಪನತ್ತಡಿ ಪಂಚಾಯತಿನಲ್ಲಿ. ಹಳಬರು ಇದನ್ನು ಮಾಡತ್ತುಮಲೆ ಎಂದು ಕರೆಯುತ್ತಿದ್ದರು. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದ್ದು, ಅದರ ಬೆನ್ನಿಗೆ ಕೊಡಗಿನ ಕಾಡುಗಳು ಹಬ್ಬಿವೆ. ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಆ ಕಾಡುಗಳ ಭಾಗವಾದ ತಲಕಾವೇರಿ ವನ್ಯಜೀವಿಧಾಮವೂ ಒಂದು.

ಮಳೆಕಾಡು ಎಂದೊಡನೆ ಅಮೆಜಾನನ್ನೋ ಬೋರ್ನಿಯೋವನ್ನೋ ನೆನೆಯುವವರಿದ್ದಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ನಮ್ಮ ಜಿಲ್ಲೆಯಲ್ಲಿ ನಿತ್ಯಹರಿದ್ವರ್ಣದ ಕಾಡು ಇರುವುದು ಆಶ್ಚರ್ಯವಲ್ಲ, ಇಷ್ಟೇ ಉಳಿದಿರುವುದು ಆಶ್ಚರ್ಯ. ರಾಣಿಪುರದಲ್ಲಿ ಬೆಟ್ಟದ ಮಡಿಕೆಗಳಲ್ಲಿ, ಅಂದರೆ ಗಾಳಿಯ ಹೊಡೆತ ತಾಗದೆ ಮಣ್ಣು ಆಳವಾಗಿ ನಿಂತು ತೇವ ಉಳಿಯುವ ಕಡೆಗಳಲ್ಲಿ, ಬಿಸಿಲು ನೆಲ ಮುಟ್ಟದಷ್ಟು ದಟ್ಟವಾದ ಕಾಡಿದೆ. ಮಣ್ಣು ತೆಳುವಾದ ನೆತ್ತಿಯಲ್ಲಿ ಬರೀ ಹುಲ್ಲು. ಹುಲ್ಲನ್ನು ಕಂಡು ‘ಇಲ್ಲಿ ಕಾಡು ಕಡಿದಿದ್ದಾರೆ’ ಎಂದುಕೊಳ್ಳುವುದು ತಪ್ಪು. ಮಡಿಕೆಯ ಆ ಕಾಡಿಗೆ ಶೋಲಾ ಎಂದು ಹೆಸರು; ಹುಲ್ಲು ಮತ್ತು ಶೋಲಾ ಎರಡೂ ಸೇರಿಯೇ ಇಲ್ಲಿನ ನೆಲದೃಶ್ಯ. ಮುರಕಲ್ಲಿನ ಗುಡ್ಡೆ, ಗೇರು, ರಬ್ಬರು, ಅಕೇಶಿಯಗಳನ್ನೇ ಹಸಿರು ಎಂದು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಈ ಒಂದು ವ್ಯತ್ಯಾಸ ಗೊತ್ತಾದರೂ ಚಾರಣದ ಬಸ್ಸಿನ ಬಾಡಿಗೆ ಹುಟ್ಟಿತು ಎಂಬುದು ಈ ಉತ್ತರ ಬರೆಯುತ್ತಿರುವವನ ಸ್ವಂತ ಅಭಿಪ್ರಾಯ.

ಪ್ರಾಣಿಗಳಿಗೆ ಹಣ ಬೇಕಾದರೆ ನೇರವಾಗಿ ಕೇಳಬಾರದೇ? ನಡೆಯುವ ನೆಪ ಏಕೆ?

ನ್ಯಾಯವಾದ ಪ್ರಶ್ನೆ. ನೇರವಾಗಿ ಕೊಡುವವರು ನೇರವಾಗಿಯೇ ಕೊಡಲಿ. ಅದರಷ್ಟು ಸುಲಭವೂ ಮಿತವ್ಯಯದ್ದೂ ಆದ ದಾರಿ ಬೇರೊಂದಿಲ್ಲ. ಆದರೆ ನಾವು ಕಂಡಂತೆ, ನಾಯಿಮರಿಯ ಮುರಿದ ಕಾಲಿನ ಚಿತ್ರವನ್ನು ವಾಟ್ಸ್ಆ್ಯಪಿನಲ್ಲಿ ಹಾಕಿದರೆ ಅಂದು ಸಂಜೆಯೊಳಗೆ ಹಣ ಬರುತ್ತದೆ, ಬಾವಿಗೆ ಕಟ್ಟೆ ಕಟ್ಟಿಸಬೇಕೆಂದರೆ ಆರು ತಿಂಗಳಾದರೂ ಬರುವುದಿಲ್ಲ. ಕಣ್ಣಿಗೆ ಕಾಣುವ ನೋವಿಗೆ ಕೈ ಬೇಗ ಜೇಬಿಗೆ ಹೋಗುತ್ತದೆ. ನೋವು ಬಾರದಂತೆ ತಡೆಯುವ ಕೆಲಸಕ್ಕೆ ಯಾರಾದರೂ ಎದುರು ಕೂತು ವಿವರಿಸಬೇಕಾಗುತ್ತದೆ. ಚಾರಣಕ್ಕೆ ಹೆಸರು ಕೊಟ್ಟ ಒಬ್ಬೊಬ್ಬರೂ ತಮ್ಮ ನೆಂಟರಿಷ್ಟರಲ್ಲಿ ಹತ್ತು ಮಂದಿಗೆ ಹೀಗೆ ವಿವರಿಸುತ್ತಾರೆ. ನಡಿಗೆಯಿಂದ ನಮಗಾಗುವ ಲಾಭ ಅದು. ಬೆಟ್ಟ ಹತ್ತಿದ್ದರಿಂದ ಕಾಡಿಗೆ ಯಾವ ಉಪಕಾರವೂ ಆಗುವುದಿಲ್ಲ. ಅಪಕಾರ ಆಗದಂತೆ ನೋಡಿಕೊಳ್ಳುವುದಷ್ಟೇ ನಮ್ಮಿಂದ ಸಾಧ್ಯ.

ನಾನು ಕೊಡುವ ಹಣದಲ್ಲಿ ಬಸ್ಸಿಗೆಷ್ಟು, ಊಟಕ್ಕೆಷ್ಟು, ಪ್ರಾಣಿಗಳಿಗೆಷ್ಟು?

ಚಾರಣ ಶುಲ್ಕ ಬೇರೆ, ದೇಣಿಗೆ ಬೇರೆ. ಎರಡಕ್ಕೂ ಬೇರೆ ಬೇರೆ ರಶೀದಿ ಪುಸ್ತಕ, ಬೇರೆ ಬೇರೆ ಬ್ಯಾಂಕ್ ಖಾತೆ. ಬಸ್ಸು, ಅರಣ್ಯ ಇಲಾಖೆಯ ಪ್ರವೇಶ ಶುಲ್ಕ, ದಾರಿ ತೋರಿಸುವವರ ಕೂಲಿ, ಊಟ, ವಿಮೆ ಇವೆಲ್ಲ ಶುಲ್ಕದಿಂದ ನಡೆಯುತ್ತವೆ, ಮತ್ತು ಇದನ್ನು ಪ್ರತಿಯೊಬ್ಬರೂ ತಮ್ಮ ಸ್ವಂತ ಜೇಬಿನಿಂದಲೇ ಕೊಡಬೇಕು. ನೀವು ಇತರರಿಂದ ಸಂಗ್ರಹಿಸಿ ತರುವ ದೇಣಿಗೆಯಿಂದ ನಿಮ್ಮ ಚಾ ಕೂಡ ನಡೆಯುವುದಿಲ್ಲ. ಒಬ್ಬರು ಕನಿಷ್ಠ 5,000 ರೂಪಾಯಿ ಸಂಗ್ರಹಿಸಬೇಕೆಂದು ನಿಗದಿಪಡಿಸಿದ್ದೇವೆ. ವಿದ್ಯಾರ್ಥಿಗಳಿಗೆ ಈ ನಿಬಂಧನೆ ಇಲ್ಲ.

ಇದಕ್ಕೊಂದು ಹಿನ್ನೆಲೆಯಿದೆ. ಹಿಂದೊಮ್ಮೆ ನಾನೇ ಹೋಗಿದ್ದ ಒಂದು ಸಹಾಯಾರ್ಥ ನಡಿಗೆಯಲ್ಲಿ ಎಲ್ಲರಿಗೂ ಬಣ್ಣದ ಟೀ ಶರ್ಟು, ಪದಕ, ವೇದಿಕೆ, ಹಾರ, ಮೈಕು ಎಲ್ಲವೂ ಇದ್ದವು. ಕೊನೆಗೆ ಲೆಕ್ಕ ಕೇಳಿದಾಗ ಉದ್ದೇಶಿಸಿದ ಕಾರ್ಯಕ್ಕೆ ಉಳಿದದ್ದು ಹಾರ ತುರಾಯಿಗೆ ಖರ್ಚಾದದ್ದಕ್ಕಿಂತ ಕಡಿಮೆ. ಆದ್ದರಿಂದ ನಮ್ಮಲ್ಲಿ ಟೀ ಶರ್ಟು ಇಲ್ಲ. ಬೇಕೇ ಬೇಕು ಎಂದು ಕೇಳಿದವರಿಗೆ ಮನೆಯಲ್ಲಿರುವ ಹಳೆಯ ಅಂಗಿಯನ್ನೇ ಹಾಕಿಕೊಂಡು ಬನ್ನಿ ಎಂದಿದ್ದೇವೆ, ಹೇಗೂ ಕೆಸರಾಗುವುದು ಖಂಡಿತ.

ದೇಣಿಗೆಯ ಹಣ ಯಾವ ಕೆಲಸಕ್ಕೆ ಹೋಗುತ್ತದೆ?

ಮೊದಲನೆಯದು ಬಾವಿಗಳು. ನಮ್ಮ ಕಡೆ ತೋಟದ ಮೂಲೆಯಲ್ಲಿ, ಗುಡ್ಡೆಯ ಬದಿಯಲ್ಲಿ ಕಟ್ಟೆಯಿಲ್ಲದ ಹಳೆಯ ಬಾವಿಗಳು ಎಷ್ಟಿವೆಯೋ ಲೆಕ್ಕವಿಲ್ಲ. ಸುತ್ತ ಕುರುಚಲು ಬೆಳೆದು ಬಾಯಿ ಮುಚ್ಚಿಹೋಗಿರುವ ಅಂಥ ಬಾವಿಗೆ ರಾತ್ರಿ ಹೊತ್ತು ಕಾಡುಹಂದಿ ಬೀಳುತ್ತದೆ, ಕಾಟಿ ಬೀಳುತ್ತದೆ, ಕೆಲವೊಮ್ಮೆ ಚಿರತೆಯೂ ಬೀಳುತ್ತದೆ. ಹಟ್ಟಿಯ ದನವೂ ಬೀಳುತ್ತದೆ. ಬಿದ್ದ ಮೇಲೆ ಅಗ್ನಿಶಾಮಕ ದಳ, ಅರಣ್ಯ ಇಲಾಖೆ, ಜೆಸಿಬಿ, ಊರವರ ಜಾತ್ರೆ. ಮುರಕಲ್ಲಿನಿಂದ ಸೊಂಟದೆತ್ತರದ ಕಟ್ಟೆ ಕಟ್ಟಿಸಿ ಮೇಲೊಂದು ಬಲೆ ಹಾಸಿದರೆ ಇದೆಲ್ಲವೂ ತಪ್ಪುತ್ತದೆ. ಬಾವಿಯ ಒಡೆಯರು ಕೂಲಿಯ ಅರ್ಧ ಹಾಕಿದರೆ ಉಳಿದರ್ಧವನ್ನೂ ಕಲ್ಲಿನ ಬೆಲೆಯನ್ನೂ ನಾವು ಭರಿಸುತ್ತೇವೆ. ನೋಡುವುದಕ್ಕೆ ಇಷ್ಟು ಸಪ್ಪೆಯಾದ ಕೆಲಸ ಇನ್ನೊಂದಿಲ್ಲ. ನಮ್ಮ ಹಣದ ದೊಡ್ಡ ಪಾಲು ಹೋಗುವುದು ಇದಕ್ಕೇ.

ಎರಡನೆಯದು ಉರುಳು ತೆಗೆಯುವ ಕೆಲಸ. ಹಂದಿಗೆಂದು ಬೈಕಿನ ಬ್ರೇಕಿನ ತಂತಿಯಿಂದ ಕಟ್ಟಿದ ಉರುಳಿಗೆ ಹಂದಿಯ ಗುರುತು ಗೊತ್ತಿರುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಆಚೆಯ ಬೇಲಿಯಲ್ಲಿ ಯಾರೋ ಇಟ್ಟಿದ್ದ ಉರುಳಿಗೆ ಸಿಕ್ಕಿದ್ದು ನಮ್ಮ ಮನೆಯ ನಾಯಿ. ಬೆಳಗ್ಗೆ ಹುಡುಕಿಕೊಂಡು ಹೋದಾಗ ತಂತಿ ಸೊಂಟದ ಚರ್ಮವನ್ನು ಕೊಯ್ದು ಒಳಗೆ ಇಳಿದಿತ್ತು, ಸುತ್ತಲಿನ ಒಂದು ಮಾರು ನೆಲ ಉಗುರಿನಿಂದ ಕೆರೆದು ಕೆರೆದು ಹದವಾದ ಗದ್ದೆಯಂತಾಗಿತ್ತು. ಅದು ಬದುಕಿತು. ಅದೇ ಜಾಗದಲ್ಲಿ ಒಂದು ಚಿರತೆ ಇದ್ದಿದ್ದರೆ ಬಿಡಿಸುವುದಕ್ಕೆ ಯಾರು ಹತ್ತಿರ ಹೋಗುತ್ತಿದ್ದರು? ಉರುಳು ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಮ್ಮ ಸ್ವಯಂಸೇವಕರು ಅರಣ್ಯ ಸಿಬ್ಬಂದಿಯ ಜೊತೆಯಲ್ಲಿ ಮಾತ್ರ ಈ ಕೆಲಸಕ್ಕೆ ಹೋಗುತ್ತಾರೆ. ಕೈಗವಸು, ತಂತಿ ಕತ್ತರಿಸುವ ಇಕ್ಕಳ, ಜೀಪಿನ ಡೀಸೆಲ್ಲಿನ ವೆಚ್ಚ ನಮ್ಮದು.

ಇನ್ನು ಬೀದಿ ಪ್ರಾಣಿಗಳ ಚಿಕಿತ್ಸೆ. ಹೆದ್ದಾರಿ ಅಗಲವಾದಂತೆ ವಾಹನ ಬಡಿದು ಬೀಳುವ ನಾಯಿ, ಬೆಕ್ಕು, ದನಗಳ ಸಂಖ್ಯೆ ಕಣ್ಣಿಗೆ ರಾಚುವಷ್ಟಾಗಿದೆ. ಔಷಧಿ, ಎಕ್ಸ್‌ರೇ, ಆಟೋ ಬಾಡಿಗೆಗಳಿಗೆ ಹಣ ಕೊಡುತ್ತೇವೆ. ನಾಯಿಗಳ ಸಂತಾನಹರಣ ಚಿಕಿತ್ಸೆಯನ್ನು ನಾವು ನಡೆಸುವುದಿಲ್ಲ, ಏಕೆಂದರೆ 2023ರ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಗಳು ಮಾತ್ರ ಅದನ್ನು ಮಾಡಬಹುದು.

ಉಳಿದ ಹಣದಿಂದ ಚಂದ್ರಗಿರಿ ಹೊಳೆಯ ಬದಿಯ ಶಾಲೆಗಳಲ್ಲಿ ಪಾಲಪೂವನ್ ಆಮೆಯ ಕುರಿತು ತರಗತಿಗಳನ್ನು ನಡೆಸುತ್ತೇವೆ. ಮೀಟರಿಗೂ ಉದ್ದ ಬೆಳೆಯಬಲ್ಲ, ಮೆತ್ತನೆಯ ಚಿಪ್ಪಿನ ಈ ಆಮೆ ಆಯುಷ್ಯದ ಹೆಚ್ಚಿನ ಭಾಗವನ್ನು ಹೊಳೆಯ ಮರಳಿನಡಿ ಕಣ್ಣು ಮೂಗು ಮಾತ್ರ ಹೊರಗಿಟ್ಟು ಕಳೆಯುತ್ತದೆ. ಮರಳು ತೆಗೆದರೆ ಅದಕ್ಕೆ ಮನೆಯೇ ಇಲ್ಲ. ಕಾಸರಗೋಡು ಜಿಲ್ಲಾ ಪಂಚಾಯತು ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿದಾಗ ಜಿಲ್ಲೆಯ ಪ್ರಾಣಿಯಾಗಿ ಆರಿಸಿದ್ದು ಇದನ್ನು. ಮರವಾಗಿ ಬಂದದ್ದು, ಊರಿಗೆ ಹೆಸರು ಕೊಟ್ಟಿತೆನ್ನುವ ಕಾಸರಕ. ಹೂವಾಗಿ ಪೆರಿಯದ ತೊರೆಗಳಲ್ಲಿ ಅರಳುವ ಪೊಲತ್ತಾಳಿ. ಹಕ್ಕಿಯಾಗಿ ಬಿಳಿ ಹೊಟ್ಟೆಯ ಕಡಲ ಹದ್ದು.

ನಮ್ಮ ತೋಟವನ್ನು ಹಾಳುಮಾಡುವುದೇ ಹಂದಿ, ಮಂಗ, ಆನೆಗಳು. ಅವುಗಳಿಗೆ ನಾವೇ ಹಣ ಕೊಡಬೇಕೇ?

ಅತಿ ಹೆಚ್ಚು ಮಂದಿ ಕೇಳಿದ ಪ್ರಶ್ನೆ ಇದು. ಕೇಳಿದವರಲ್ಲಿ ಯಾರೂ ಪ್ರಾಣಿದ್ವೇಷಿಗಳಲ್ಲ. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆಯವರಿಗೆ ಆನೆ ಎಂದರೆ ಒಂದು ರಾತ್ರಿಯಲ್ಲಿ ನೆಲಕ್ಕೊರಗಿದ ಹತ್ತು ವರ್ಷದ ಅಡಿಕೆ ಗಿಡಗಳು. ಮಂಗಗಳು ಬೊಂಡವನ್ನು ಬಿಡದೆ ತೆಂಗಿನ ಕೃಷಿಯನ್ನೇ ಕೈಬಿಟ್ಟವರು ನಮ್ಮ ಬಳಗದಲ್ಲೇ ಇದ್ದಾರೆ. ಅಂಥವರ ಎದುರು ಕಾಡಿನ ಮಹಿಮೆ ಹೇಳುವುದು ನಮಗೆ ಸರಿಕಾಣುವುದಿಲ್ಲ.

ನಮ್ಮ ಹಣ ಆನೆಗೆ ಬೆಲ್ಲ ತಿನ್ನಿಸುವುದಕ್ಕೆ ಹೋಗುವುದಿಲ್ಲ. ಬಾವಿಗೆ ಕಟ್ಟೆ ಕಟ್ಟಿದರೆ ಕಾಟಿಯೂ ಉಳಿಯುತ್ತದೆ, ಕೃಷಿಕನ ದನವೂ ಉಳಿಯುತ್ತದೆ, ಶಾಲೆಗೆ ಹೋಗುವ ಮಗುವೂ ಉಳಿಯುತ್ತದೆ. ಕಾರಡ್ಕ ಬ್ಲಾಕಿನಲ್ಲಿ ಪಂಚಾಯತುಗಳು ಮುಂದಾಗಿ ಹಾಕಿಸಿದ ಸೌರವಿದ್ಯುತ್ತಿನ ತೂಗುಬೇಲಿಯನ್ನು (ಮೇಲಿನಿಂದ ತಂತಿಗಳನ್ನು ಇಳಿಬಿಟ್ಟ ಬೇಲಿ) ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ: ಬೇಲಿ ಹಾಕುವುದು ಒಂದು ಸಲದ ಖರ್ಚು, ಅದರ ಮೇಲೆ ಬೀಳುವ ಬಳ್ಳಿ ಕೊಂಬೆಗಳನ್ನು ಸವರುತ್ತಾ ಇರುವುದು ವರ್ಷವಿಡೀ ಇರುವ ಕೆಲಸ. ತಂತಿಗೆ ಒಂದು ಹಸಿ ಬಳ್ಳಿ ತಾಗಿದರೂ ವಿದ್ಯುತ್ತು ನೆಲಕ್ಕಿಳಿದು ಬೇಲಿ ಬರೀ ತಂತಿಯಾಗುತ್ತದೆ. ತೂಗುಬೇಲಿಯ ಅಡಿ ಸವರುವ ಶ್ರಮದಾನಕ್ಕೆ ನಮ್ಮ ಸ್ವಯಂಸೇವಕರನ್ನು ಕರೆದರೆ ಬರುತ್ತಾರೆ.

ಕಾಡುಹಂದಿಯ ವಿಚಾರದಲ್ಲಿ ಕಾನೂನು ಕೃಷಿಕನ ಕೈಕಟ್ಟಿ ಕೂರಿಸಿದೆ ಎಂಬ ಮಾತು ಪೂರ್ತಿ ನಿಜವಲ್ಲ. ಬೆಳೆ ನಾಶಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಸ್ಥಳೀಯಾಡಳಿತ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿದೆ. ಆದರೆ ವಿಷ, ಸ್ಫೋಟಕ, ವಿದ್ಯುತ್ ತಂತಿಗಳನ್ನು ಬಳಸುವಂತಿಲ್ಲ. ಆ ಮೂರು ಹಂದಿಯಲ್ಲೇ ನಿಲ್ಲುವುದಿಲ್ಲ. ರಾತ್ರಿ ತೋಟಕ್ಕೆ ನೀರು ಬಿಡಲು ಹೋದ ಮನುಷ್ಯನನ್ನೂ ಕೊಲ್ಲುತ್ತವೆ.

ಎಂಡೋಸಲ್ಫಾನ್ ಸಂತ್ರಸ್ತರಿಗೇ ಸರಿಯಾದ ನೆರವಿಲ್ಲದ ಜಿಲ್ಲೆಯಲ್ಲಿ ಪ್ರಾಣಿಗಳಿಗಾಗಿ ಹಣ ಎತ್ತುವುದು ಸರಿಯೇ?

ಎಣ್ಮಕಜೆಯಿಂದ ಬಂದ ಹಿರಿಯರೊಬ್ಬರು ಇದನ್ನು ಕೇಳಿದಾಗ ನಮ್ಮಲ್ಲಿ ಯಾರೂ ಕೂಡಲೇ ಬಾಯಿ ತೆರೆಯಲಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷವನ್ನು ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು, ಅಷ್ಟರಲ್ಲಿ ಎಷ್ಟೋ ಮನೆಗಳು ಹಾಸಿಗೆಯಿಂದ ಏಳಲಾರದ ಮಕ್ಕಳ ಮನೆಗಳಾದದ್ದು ಇಲ್ಲಿ ಎಲ್ಲರಿಗೂ ಗೊತ್ತು. ಆ ನೆರವು ಸರಕಾರದ ಕರ್ತವ್ಯ, ಅದಕ್ಕಾಗಿ ಹೋರಾಡುವವರ ಜೊತೆ ನಮ್ಮವರೂ ಇದ್ದಾರೆ.

ಆದರೂ ಒಂದು ಸಂಗತಿಯನ್ನು ಹೇಳಲೇಬೇಕು. ಅದೇ ಎಣ್ಮಕಜೆಯ ಪಡ್ರೆ ಕಡೆ ಆ ವಿಷದ ಮೊದಲ ಸುಳಿವು ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಹಟ್ಟಿಯಲ್ಲಿ. ಕೈಕಾಲು ತಿರುಚಿಕೊಂಡು ಹುಟ್ಟಿದ ಕರುಗಳನ್ನು ಕಂಡು ಕೃಷಿಕರಿಗೆ ಅನುಮಾನ ಮೂಡಿತ್ತು. ಆ ಕರುಗಳ ಮಾತನ್ನು ಕೇಳುವವರು ಆಗ ಹೆಚ್ಚು ಮಂದಿ ಇದ್ದಿದ್ದರೆ ಎಂದು ಯೋಚಿಸುವ ಹಕ್ಕು ನಮಗಿದೆ. ಹಿರಿಯರು ಒಪ್ಪಿದರೆಂದು ಹೇಳಲಾರೆ. ಹೊರಡುವಾಗ 100 ರೂಪಾಯಿ ಕೊಟ್ಟು, ರಶೀದಿ ಬೇಡವೆಂದರು. ರಶೀದಿ ಕೊಟ್ಟೇ ಕಳುಹಿಸಿದೆವು.

ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ಇದೆಯೇ? ಗಲ್ಫಿನಲ್ಲಿರುವವರಿಂದ ಪಡೆಯಬಹುದೇ?

80ಜಿ ಮಾನ್ಯತೆಯಿರುವ ಟ್ರಸ್ಟಿನ ಖಾತೆಗೇ ದೇಣಿಗೆ ಸಂದಾಯವಾಗುವುದರಿಂದ ವಿನಾಯಿತಿ ಕೇಳಬಹುದು. ಆದರೆ 2,000 ರೂಪಾಯಿಗೆ ಮೀರಿದ ನಗದು ದೇಣಿಗೆಗೆ ವಿನಾಯಿತಿ ಸಿಗದು. ಆದ್ದರಿಂದ ಯುಪಿಐ ಅಥವಾ ಚೆಕ್ ಮೂಲಕ ಕೊಡುವುದು ಒಳ್ಳೆಯದು. ತೆರಿಗೆಯ ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಚಾರಣ ಶುಲ್ಕಕ್ಕಂತೂ ವಿನಾಯಿತಿ ಇಲ್ಲವೇ ಇಲ್ಲ, ಏಕೆಂದರೆ ಅದಕ್ಕೆ ಪ್ರತಿಯಾಗಿ ನಿಮಗೆ ಪ್ರಯಾಣವೂ ಊಟವೂ ಸಿಗುತ್ತವೆ.

ಮನೆಗೊಬ್ಬರಂತೆ ಗಲ್ಫಿನಲ್ಲಿರುವ ಜಿಲ್ಲೆ ನಮ್ಮದಾದ್ದರಿಂದ ಎರಡನೆಯ ಪ್ರಶ್ನೆ ಸಹಜ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಯೊಬ್ಬರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳುಹಿಸುವ ಹಣವನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಅವರು ನಮ್ಮ ಒಡಹುಟ್ಟಿದವರೇ ಆಗಿದ್ದರೂ, ಕೊಡುವ ಹಣ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಅದನ್ನು ನಾವು ಸ್ವೀಕರಿಸುವಂತಿಲ್ಲ. ‘ತಮ್ಮನ ಖಾತೆಗೆ ಹಾಕಿ ಅಲ್ಲಿಂದ ಕೊಡಿಸುತ್ತೇನೆ’ ಎನ್ನುವವರಿಗೆ ನಮ್ಮ ಉತ್ತರ: ದಯವಿಟ್ಟು ಬೇಡ.

ಹಣವನ್ನು ಹೇಗೆ ಸಂಗ್ರಹಿಸಬೇಕು?

ಗುರುತಿದ್ದವರಲ್ಲಿ ಕೇಳಿ. ಹಣದ ಬದಲು ಒಂದು ಗೋಣಿ ತೆಂಗಿನಕಾಯಿಯನ್ನೋ ನಾಲ್ಕು ಕಿಲೋ ಅಡಿಕೆಯನ್ನೋ ಕೊಟ್ಟರೆ ಬೇಡವೆನ್ನಬೇಡಿ. ಅಂದಿನ ಧಾರಣೆಗೆ ಮಾರಿ ಕೊಟ್ಟವರ ಹೆಸರಲ್ಲೇ ರಶೀದಿ ಹರಿಯುತ್ತೇವೆ. ಮಕ್ಕಳನ್ನು ಡಬ್ಬಿ ಹಿಡಿಸಿ ಮನೆಮನೆಗೆ ಕಳುಹಿಸಬಾರದು. ರಕ್ತಸಿಕ್ತ ಪ್ರಾಣಿಗಳ ಚಿತ್ರಗಳನ್ನು ಹಂಚಬಾರದು.

ವಯಸ್ಸು, ಆರೋಗ್ಯಗಳಿಗೆ ಸಂಬಂಧಿಸಿದ ನಿಬಂಧನೆಗಳೇನು?

ಹನ್ನೆರಡು ವರ್ಷ ತುಂಬಿರಬೇಕು. ಹದಿನೆಂಟಕ್ಕಿಂತ ಕೆಳಗಿನವರ ಜೊತೆ ಮನೆಯ ಹಿರಿಯರೊಬ್ಬರು ಇರಬೇಕು. ಮೇಲ್ಮಿತಿ ಇಲ್ಲ. ದಾರಿ ಉದ್ದವಲ್ಲ, ಅರ್ಧ ದಿನದಲ್ಲಿ ಹತ್ತಿ ಇಳಿಯಬಹುದು; ಆದರೆ ಕೊನೆಯ ಹುಲ್ಲುಗುಡ್ಡೆಯ ಏರು ಕಡಿದಾಗಿದೆ ಮತ್ತು ಇಳಿಯುವಾಗ ಮೊಣಕಾಲಿಗೆ ಹತ್ತುವಾಗಿನದಕ್ಕಿಂತ ಹೆಚ್ಚು ಕೆಲಸ. ಅಸ್ತಮಾ ಇರುವವರು ಇನ್‌ಹೇಲರನ್ನು ಬಸ್ಸಿನಲ್ಲಿಟ್ಟ ಚೀಲದಲ್ಲಲ್ಲ, ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಹೆಸರು ಕೊಡಲಿ. ದಿನವೂ ಅಡಿಕೆ ತೋಟದ ಮೆಟ್ಟಿಲು ಹತ್ತಿ ಇಳಿಯುವ ಎಪ್ಪತ್ತರ ಅಜ್ಜಂದಿರ ಬಗ್ಗೆ ನಮಗೆ ಚಿಂತೆಯಿಲ್ಲ, ಮಂಗಳೂರಿನ ಫ್ಲಾಟಿನಿಂದ ಬರುವ ಅವರ ಮೊಮ್ಮಕ್ಕಳ ಬಗ್ಗೆ ತುಸು ಇದೆ.

ಉಂಬಳಗಳ ಕಾಟ ಹೇಗಿದೆ?

ಇದೆ. ಒಣಗಿದ ತಿಂಗಳುಗಳಲ್ಲಿ ಕಡಿಮೆ, ಹಿಂದಿನ ದಿನ ಮಳೆ ಬಿದ್ದಿದ್ದರೆ ಹೆಚ್ಚು. ಎಲೆಯ ತುದಿಯಲ್ಲಿ ಬಾಲ ಊರಿ ನಿಂತು, ತಲೆಯನ್ನು ಗಾಳಿಯಲ್ಲಿ ಆಡಿಸುತ್ತಾ, ಹೆಜ್ಜೆಯ ಕಂಪನಕ್ಕೂ ಉಸಿರಿನ ಬಿಸಿಗೂ ಕಾಯುತ್ತಿರುವ ಉಂಬಳವನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಅದರ ತಾಳ್ಮೆಯ ಬಗ್ಗೆ ಗೌರವ ಮೂಡದೆ ಇರದು. ಕಚ್ಚುವಾಗ ನೋವಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥವೊಂದು ಅದರ ಜೊಲ್ಲಿನಲ್ಲಿರುವುದರಿಂದ ಅದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಗಾಬರಿಯಾಗಬೇಕಾಗಿಲ್ಲ. ಎಳೆದು ಕೀಳದೆ ಉಗುರನ್ನು ಬಾಯಿಯ ಬದಿಗೆ ತೂರಿಸಿ ಬಿಡಿಸಿ.

ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿ, ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಮೊದಲೇ ಹಚ್ಚಿ ಒಣಗಿಸಿದರೆ ಸಾಕು. ಉಪ್ಪಿನ ಪೊಟ್ಟಣವನ್ನು ಬಿಚ್ಚಿ ದಾರಿಯುದ್ದಕ್ಕೂ ಉದುರಿಸುತ್ತಾ ಹೋಗಬಾರದು. ಆ ಉಪ್ಪು ಬೀಳುವುದು ಕಪ್ಪೆಗಳ ನೆಲದ ಮೇಲೆ, ಚರ್ಮದಿಂದಲೂ ಉಸಿರಾಡುವ ಅವುಗಳಿಗೆ ಉಪ್ಪು ಆಗುವುದಿಲ್ಲ.

ಹಾವು, ಉಣ್ಣಿಗಳ ಬಗ್ಗೆ ಏನು ಎಚ್ಚರಿಕೆ?

ಕೈಯೂರುವ ಮೊದಲು ಕಲ್ಲನ್ನೂ ಬಳ್ಳಿಯನ್ನೂ ನೋಡಿ, ಏಕೆಂದರೆ ಎಲೆಯ ಬಣ್ಣಕ್ಕೆ ಸೇರಿಕೊಳ್ಳುವ ಗುಳಿಮಂಡಲ ಹಾವುಗಳು ಗಂಟೆಗಟ್ಟಲೆ ಅಲುಗಾಡದೆ ಕೂರುತ್ತವೆ. ನಮ್ಮಲ್ಲಿ ದೊರೆಯುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕಾಗಿ ತಯಾರಿಸಿರುವುದು. ಗುಳಿಮಂಡಲಗಳ ವಿಷಕ್ಕೆ ಅದು ಮದ್ದಲ್ಲ. ಯಾವುದೇ ಹಾವು ಕಚ್ಚಿದರೂ ಕಟ್ಟು ಬಿಗಿಯಬಾರದು, ಕೊಯ್ಯಬಾರದು, ಹೀರಬಾರದು. ಕಚ್ಚಿಸಿಕೊಂಡವರನ್ನು ನಡೆಸದೆ ಎತ್ತಿಕೊಂಡು ಬರುವುದಕ್ಕೆ ಸ್ಟ್ರೆಚರ್ ಜೊತೆಗಿರುತ್ತದೆ. ಮನೆಯಂಗಳದಲ್ಲಿ ಹಾವು ಕಂಡರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪಿನ ಮೂಲಕ ತರಬೇತಾದವರನ್ನು ಕರೆಯಬಹುದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಒಣ ತಿಂಗಳಲ್ಲಿ ಉಣ್ಣಿಗಳಿರುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣಿಗಳಿಂದಲೇ. ಮನೆಗೆ ಹೋದೊಡನೆ ಬಿಸಿನೀರಲ್ಲಿ ಮಿಂದು, ಬಟ್ಟೆಯನ್ನು ಕುದಿನೀರಿಗೆ ಹಾಕಿ, ಮೈಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಿಳಿಸಿ.

ಯಾವ ತಿಂಗಳಲ್ಲಿ ನಡೆಸುತ್ತೀರಿ? ಬೇಸಗೆ ರಜೆಯಲ್ಲಿ ಇಟ್ಟರೆ ಮಕ್ಕಳಿಗೂ ಅನುಕೂಲವಲ್ಲವೇ?

ಮಳೆ ನಿಂತ ಮೇಲೆ, ಕ್ರಿಸ್ಮಸ್ಸಿಗೆ ಮೊದಲು. ಬೇಸಗೆ ರಜೆಗೆ ಇಡದಿರುವುದಕ್ಕೆ ಕಾಡ್ಗಿಚ್ಚಿನ ಭಯ ಒಂದು ಕಾರಣ, ಮಂಗಟ್ಟೆ ಹಕ್ಕಿಗಳು ಇನ್ನೊಂದು. ಬೇಸಗೆಯಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗಳಿಗೂ ಆಹಾರ ತರುವುದು ಗಂಡು ಒಂದೇ. ಆ ಗಂಡು ನಮ್ಮ ಗದ್ದಲಕ್ಕೆ ಹೆದರಿ ಒಂದು ಹೊತ್ತು ದೂರ ಉಳಿದರೆ ಪೊಟರೆಯೊಳಗೆ ಹಸಿವು. ಪ್ರಾಣಿಗಳ ಹೆಸರಲ್ಲಿ ಹೋಗಿ ಆ ಕೆಲಸ ಮಾಡಿಬರುವುದು ಬೇಡವೆಂದು ಸಭೆಯಲ್ಲಿ ತೀರ್ಮಾನವಾಯಿತು. ದೊಡ್ಡ ಮಂಗಟ್ಟೆ ಕೇರಳದ ರಾಜ್ಯಪಕ್ಷಿ ಎಂಬುದನ್ನು ಮಕ್ಕಳು ಪುಸ್ತಕದಲ್ಲಿ ಓದಿರುತ್ತಾರೆ. ಅದು ತಲೆಯ ಮೇಲೆ ಹಾರಿದಾಗ ರೆಕ್ಕೆಯ ಸದ್ದು ಹಳೆಯ ಉಗಿಬಂಡಿಯ ಸದ್ದಿನಂತಿರುತ್ತದೆ ಎಂಬುದು ಪುಸ್ತಕದಲ್ಲಿಲ್ಲ.

ಪ್ರಾಣಿಗಳು ಕಾಣಸಿಗುತ್ತವೆಯೇ? ಫೋಟೋ ತೆಗೆಯಬಹುದೇ?

ದೊಡ್ಡ ಪ್ರಾಣಿಗಳು ಕಾಣಸಿಗುವ ಭರವಸೆಯನ್ನು ಕೊಡಲಾರೆವು, ಕಾಣದಿರಲಿ ಎಂಬುದೇ ದಾರಿ ತೋರಿಸುವವರ ಹಾರೈಕೆ. ಲದ್ದಿ, ಹೆಜ್ಜೆಗುರುತು, ಮರಕ್ಕೆ ಮೈ ಉಜ್ಜಿದ ಕೆಸರಿನ ಪಟ್ಟಿ ಕಾಣಬಹುದು. ಹತ್ತು ಮಂದಿಯ ಗುಂಪುಗಳಾಗಿ ಅಂತರ ಬಿಟ್ಟು ನಡೆಯುವುದರಿಂದ ಕೆಂದಳಿಲನ್ನೋ ಹಕ್ಕಿಗಳನ್ನೋ ನೋಡುವ ಅವಕಾಶ ಹೆಚ್ಚು. ಫೋಟೋ ತೆಗೆಯಬಹುದು, ಫ್ಲ್ಯಾಷ್, ಡ್ರೋನ್, ಹಕ್ಕಿಯ ಕೂಗನ್ನು ಫೋನಿನಲ್ಲಿ ನುಡಿಸಿ ಕರೆಯುವುದು ನಿಷಿದ್ಧ. ಗೂಡು ಕಂಡರೆ ಅದರ ಜಾಗವನ್ನು ಎಲ್ಲೂ ಹಾಕಬೇಡಿ.

ಊಟ, ನೀರು?

ಬೆಳಗ್ಗೆ ಬೆಟ್ಟದ ಬುಡದಲ್ಲಿ ಸಜ್ಜಿಗೆ ಅವಲಕ್ಕಿ, ಇಳಿದ ಮೇಲೆ ಊಟ. ಎರಡಕ್ಕೂ ಹಾಳೆತಟ್ಟೆ. ನೀರಿಗೆ ಮನೆಯಿಂದ ಸ್ಟೀಲಿನ ಬಾಟಲಿ ತನ್ನಿ. ಪ್ಲಾಸ್ಟಿಕ್ಕಿನ ಚೀಲ, ಪೊಟ್ಟಣಗಳನ್ನು ಬಸ್ಸಿನಲ್ಲೇ ಬಿಟ್ಟು ಹತ್ತಬೇಕು. ಬಾಳೆಹಣ್ಣಿನ ಸಿಪ್ಪೆ ಮಣ್ಣಾಗುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಮಣ್ಣಾಗುವ ಮೊದಲೇ ಮಂಗಗಳು ರುಚಿ ಹಿಡಿಯುತ್ತವೆ, ಮುಂದಿನ ಋತುವಿನಲ್ಲಿ ಅದೇ ಮಂಗಗಳು ಚೀಲಕ್ಕೆ ಕೈಹಾಕುತ್ತವೆ. ಸಿಪ್ಪೆಯೂ ಚೀಲದಲ್ಲೇ ವಾಪಸು ಬರಬೇಕು.

ಹೋಗುವುದು ಹೇಗೆ? ಅಲ್ಲಿ ಕನ್ನಡದಲ್ಲಿ ಮಾತಾಡಿದರೆ ನಡೆಯುತ್ತದೆಯೇ?

ಕಾಸರಗೋಡಿನಿಂದ ಬಸ್ಸು ಹೊರಟು, ಕಾಞಂಗಾಡಿನಲ್ಲಿ ರೈಲಿನಿಂದ ಇಳಿದವರನ್ನು ಹತ್ತಿಸಿಕೊಂಡು, ರಾಜಪುರಂ, ಪನತ್ತಡಿ ದಾರಿಯಾಗಿ ಹೋಗುತ್ತದೆ. ಸುಳ್ಯ ಕಡೆಯವರು ಪಾಣತ್ತೂರಿನ ಮೂಲಕ ನೇರವಾಗಿ ಬಂದು ಸೇರಬಹುದು. ಅರಣ್ಯ ಇಲಾಖೆಯ ನಮೂನೆಗಳು ಮಲಯಾಳದಲ್ಲಿರುತ್ತವೆ; ನಮ್ಮ ನೋಂದಣಿ ಪತ್ರ, ಸುರಕ್ಷತಾ ಸೂಚನೆ, ಒಪ್ಪಿಗೆ ಪತ್ರಗಳು ಕನ್ನಡದಲ್ಲಿವೆ. ತಾನು ಓದಲಾರದ ಒಪ್ಪಿಗೆ ಪತ್ರಕ್ಕೆ ಯಾರೂ ಸಹಿ ಹಾಕಬಾರದು ಎಂಬುದರಲ್ಲಿ ನಮಗೆ ರಾಜಿಯಿಲ್ಲ. ಪ್ರತಿ ಗುಂಪಿನಲ್ಲೂ ಕನ್ನಡ, ತುಳು, ಮಲಯಾಳ ಮೂರೂ ಬಲ್ಲವರೊಬ್ಬರು ಇರುತ್ತಾರೆ. ಇಂಥವರನ್ನು 30 ಮಂದಿಯಲ್ಲಿ ಹುಡುಕುವುದು ನಮ್ಮ ಜಿಲ್ಲೆಯಲ್ಲಿ ಕಷ್ಟವೇನಲ್ಲ.

ಮಳೆಯೋ ಆನೆಯೋ ಬಂದು ದಾರಿ ಮುಚ್ಚಿದರೆ ಹಣ ವಾಪಸು ಸಿಗುತ್ತದೆಯೇ?

ದಾರಿ ತೆರೆಯುವ, ಮುಚ್ಚುವ ತೀರ್ಮಾನ ಅರಣ್ಯ ಇಲಾಖೆಯದು. ಅಂದು ಬೆಳಗ್ಗೆ ಮುಚ್ಚಿದರೂ ವಾದಿಸುವುದಿಲ್ಲ. ಶುಲ್ಕದಲ್ಲಿ ಖರ್ಚಾಗದೆ ಉಳಿದದ್ದನ್ನು ಹಿಂದಿರುಗಿಸುತ್ತೇವೆ ಅಥವಾ ಮುಂದಿನ ದಿನಾಂಕಕ್ಕೆ ಇಟ್ಟುಕೊಳ್ಳುತ್ತೇವೆ. ದೇಣಿಗೆ ವಾಪಸಿಲ್ಲ. ನೀವು ಹತ್ತದಿದ್ದರೂ ಬಾವಿಗೆ ಕಟ್ಟೆ ಬೇಕಲ್ಲ. ಒಂದೊಂದು ಬಾವಿಯ ಖರ್ಚನ್ನೂ ಕಲ್ಲಿನ ಲೆಕ್ಕ ಸಹಿತ ದಾನಿಗಳೆಲ್ಲರಿಗೂ ಕಳುಹಿಸುತ್ತೇವೆ.

ನನ್ನ ನಾಯಿಯನ್ನು ಕರೆತರಬಹುದೇ? ಪ್ರಾಣಿಗಳಿಗಾಗಿ ತಾನೇ ಈ ನಡಿಗೆ?

ಕರೆತರುವಂತಿಲ್ಲ. ನಾಯಿಗಳ ಡಿಸ್ಟೆಂಪರಿನಂತಹ ರೋಗ ಕಾಡಿನ ಮಾಂಸಾಹಾರಿ ಪ್ರಾಣಿಗಳಿಗೂ ತಗಲುತ್ತದೆ, ಮತ್ತು ಚಿರತೆಗೆ ನಾಯಿ ಎಂದರೆ ಬಹಳ ಇಷ್ಟ. ಮನೆಯಲ್ಲೇ ಬಿಟ್ಟು ಬನ್ನಿ, ಮಧ್ಯಾಹ್ನ ಅದಕ್ಕೆ ಅನ್ನ ಹಾಕುವುದಕ್ಕೆ ನೆರೆಕರೆಯವರಲ್ಲಿ ಹೇಳಿಟ್ಟು ಬನ್ನಿ. ನಾವು ಊರು ತಲುಪುವಾಗ ರಾತ್ರಿ ಎಂಟಾಗುತ್ತದೆ.